ಕೋಟೆಯ ಒಳಗೆ, ಇತಿಹಾಸದ ಹೊರಗೆ

ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯಕ್ಕೆ ಒಂದು ಹೆಮ್ಮೆಯ ಕಥೆಯಿದೆ. 1824ರ ಅಕ್ಟೋಬರ್ 23ರಂದು ಇಲ್ಲಿ ಥ್ಯಾಕರೆ ಮಡಿದ, ಚೆನ್ನಮ್ಮನ ನಾಡು ಗೆದ್ದಿತು. ಆ ವಿಜಯದ ಇನ್ನೂರನೇ ವರ್ಷವನ್ನು 2024ರಲ್ಲಿ ನಾವು ಸಂಭ್ರಮದಿಂದ ಆಚರಿಸಿದೆವು.

ಆದರೆ ಈ ಕಥೆ ಯಾರಿಗೆ ತಲುಪಬೇಕು? ಚಚಡಿಯಂಥ ಹಳ್ಳಿಯಿಂದ ಬರುವ ಅಂಧ ಬಾಲಕನಿಗೆ ಗಾಜಿನ ಹಿಂದಿನ ಖಡ್ಗ ಏನು ಹೇಳೀತು? ಮುಟ್ಟಿ ತಿಳಿಯಲು ಒಂದು ಪ್ರತಿಕೃತಿ, ಬ್ರೈಲ್ ಫಲಕ, ಗಾಲಿಕುರ್ಚಿಗೆ ಇಳಿಜಾರು ದಾರಿ: ಇವಿಷ್ಟೂ ಇರಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಹಳೆಯ ಸಾರ್ವಜನಿಕ ಕಟ್ಟಡಗಳಿಗಿದ್ದ ಐದು ವರ್ಷಗಳ ಗಡುವು 2022ರಲ್ಲೇ ಮುಗಿದಿದೆ. ಇಂತಹ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಸ್ವಾಭಿಮಾನದ ಪಾಠವನ್ನು ಪರರ ಹೆಗಲೇರಿ ಕಲಿಯುವಂತಾದರೆ ಆ ಪಾಠಕ್ಕೆ ಅರ್ಥವೇನು?