ಪರರ ಪರವಾಗಿ ಬೇಡುವುದು

ಕೆರೂರಿನಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಕ್ರೈಸ್ತ ವೃದ್ಧೆಯೊಬ್ಬರಿದ್ದರು. ಗುಳೇದಗುಡ್ಡದ ಕಡೆಯ ನೇಕಾರ ಮನೆತನದವರು. ನನ್ನ ಅಕ್ಕ ಹಾಸಿಗೆ ಹಿಡಿದ ಸುದ್ದಿ ಕೇಳಿ ಬಂದವರು ಔಷಧದ ಮಾತನ್ನಾಗಲಿ ಸಮಾಧಾನದ ಮಾತನ್ನಾಗಲಿ ಆಡಲಿಲ್ಲ. “ಅಕ್ಕಾರ ಹೆಸರೇನ್ರೀ ಮಾಸ್ತರ? ಹೆಸರ ಗೊತ್ತಿಲ್ಲದ ಹ್ಯಾಂಗ ಬೇಡ್ಕೊಳ್ಳಲಿ?” ಎಂದು ಕೇಳಿದರು. ಹೇಳಿದೆ. ಆದರೆ ಮನಸ್ಸಿನಲ್ಲಿ ಸಣ್ಣದೊಂದು ಮುಜುಗರ ಉಳಿಯಿತು. ನಮ್ಮವರ ಹೆಸರನ್ನು ಮತ್ತೊಬ್ಬರು ತಮ್ಮ ದೇವರ ಮುಂದೆ ಎತ್ತುವುದೆಂದರೇನು? ಈ ಪ್ರಶ್ನೆಯೇ ನನ್ನನ್ನು ಕನ್ನಡ ಬೈಬಲ್ಲಿನ ಕೆಲವು ಪುಟಗಳ ಕಡೆಗೆ ತಿರುಗಿಸಿತು. ನಾನು ಆ ಮತದವನಲ್ಲ. ಸಾಹಿತ್ಯದ ಓದುಗನಾಗಿ ಕಂಡದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಈ ಗ್ರಂಥ ನಮ್ಮ ನಾಡಿಗೆ ನಿನ್ನೆ ಬಂದದ್ದಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಮಾಡಿದ ಭಾಷಾಂತರ 1830ರ ದಶಕದ ಆರಂಭದಲ್ಲಿಯೇ ಪೂರ್ತಿಯಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ಹಾಯ್ದು 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಯೂರಿತು. ಗುಳೇದಗುಡ್ಡವೂ ಕೆರೂರೂ ಮಗ್ಗದ ಸಪ್ಪಳದ ಊರುಗಳು. ಹೀಗಾಗಿ ನೇಕಾರರ ಕೆಲವು ಮನೆಗಳಲ್ಲಿ ತಲೆಮಾರುಗಳಿಂದ ಈ ಪುಟಗಳ ಓದು ನಡೆದುಬಂದಿದೆ.

ಪರರ ಒಳಿತನ್ನು ಬಯಸುವುದು ನಮಗೇನೂ ಹೊಸದಲ್ಲ. ಮಳೆ ಹೋದ ವರ್ಷ ಗುರ್ಜಿ ಹೊತ್ತು ಮನೆಮನೆಗೆ ಬರುವವರು ಊರಿಗೆಲ್ಲ ಮಳೆ ಬೇಡುತ್ತಾರೆ, ಒಬ್ಬರ ಹೊಲಕ್ಕಲ್ಲ. ಮಗನ ಕಾಯಿಲೆಗಾಗಿ ತಾಯಿ ಬನಶಂಕರಿಗೆ ಹರಕೆ ಹೊರುತ್ತಾಳೆ. ಆದರೆ ಹಾರೈಕೆ ಬೇರೆ, ಹರಕೆ ಬೇರೆ, ವಕಾಲತ್ತು ಬೇರೆ. ಹಾರೈಸುವವನಿಗೆ ಖರ್ಚಿಲ್ಲ. ಹರಕೆ ಹೊರುವವಳು ತನ್ನವರಿಗಾಗಿ ಹೊರುತ್ತಾಳೆ. ವಕಾಲತ್ತು ವಹಿಸುವವನಾದರೋ ತನಗೆ ಸಂಬಂಧಿಸದ ಮೊಕದ್ದಮೆಯಲ್ಲಿ ನ್ಯಾಯಾಧೀಶನಿಗೆ ಎದುರಾಗಿ ನಿಲ್ಲುತ್ತಾನೆ. ಕ್ರೈಸ್ತ ಗ್ರಂಥಗಳಲ್ಲಿ ಪರರಿಗಾಗಿ ಮಾಡುವ ಪ್ರಾರ್ಥನೆ ಈ ಮೂರನೆಯ ಬಗೆಯದು. ಅದರ ಸಾಹಿತ್ಯಗುಣವಿರುವುದೂ ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಆದಿಕಾಂಡದ ಹದಿನೆಂಟನೆಯ ಅಧ್ಯಾಯವನ್ನು ನೋಡಿ. ಸೊದೋಮ್ ಪಟ್ಟಣವನ್ನು ನಾಶಮಾಡಲು ದೇವರು ಮನಸ್ಸು ಮಾಡಿದ್ದಾನೆ. ಅಬ್ರಹಾಮನು ಅಡ್ಡ ನಿಂತು, ಅಲ್ಲಿ 50 ಮಂದಿ ನೀತಿವಂತರಿದ್ದರೆ ಏನು ಮಾಡುತ್ತೀ ಎಂದು ಕೇಳುತ್ತಾನೆ. ಉಳಿಸುತ್ತೇನೆ ಎಂಬ ಉತ್ತರ ಬರುತ್ತದೆ. ಅಲ್ಲಿಂದ ಚೌಕಾಸಿ ಶುರು. ನಮ್ಮ ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿಯ ಜಾಣ್ಮೆಯನ್ನು ಕಂಡವರು ಈ ಸಂಭಾಷಣೆಯ ಸೊಗಸನ್ನು ಥಟ್ಟನೆ ಗುರುತಿಸಬಲ್ಲರು. ಅಬ್ರಹಾಮನು 45 ಎಂದು ಹೇಳುವುದಿಲ್ಲ. ಐದು ಮಂದಿ ಕಡಿಮೆಯಾದರೆಂದು ಇಡೀ ಊರನ್ನು ಸುಡುವೆಯಾ ಎನ್ನುತ್ತಾನೆ. 45 ಎಂಬ ಅಂಕೆ ಬರುವುದು ದೇವರ ಬಾಯಿಂದ! ಮುಂದೆ 40, 30, 20, 10. ಮೊದಲು ಐದೈದಾಗಿ ಇಳಿಸಿದವನು ಧೈರ್ಯ ಬಂದ ಮೇಲೆ ಹತ್ತು ಹತ್ತಾಗಿ ಇಳಿಸುತ್ತಾನೆ. ನಡುವೆ ತಾನು ಬರಿಯ ಮಣ್ಣು, ಬೂದಿ ಎಂಬ ನಮ್ರತೆ, ಸಿಟ್ಟಾಗಬೇಡವೆಂಬ ಅಂಗಲಾಚಿಕೆ. ಭಯವೂ ಹಟವೂ ಒಂದೇ ಉಸಿರಿನಲ್ಲಿ ಬೆರೆತ ಇಂಥ ಸಂವಾದ ಅಪರೂಪದ್ದು. ಈ ದಲ್ಲಾಳಿಗೆ ದಲಾಲಿಯೂ ಇಲ್ಲ.

ವಾಚಕರಿಗೆ ಸಾವಿತ್ರಿಯ ನೆನಪು ಬಾರದಿರದು. ಅವಳೂ ಮಾತಿನ ಬಲದಿಂದಲೇ ಯಮನನ್ನು ಹೆಜ್ಜೆಹೆಜ್ಜೆಗೆ ಸೋಲಿಸಿದಳು. ಮಾವನಿಗಾಗಿ ಬೇಡಿದಳು, ತಂದೆಗಾಗಿ ಬೇಡಿದಳು, ಕೊನೆಗೆ ಗಂಡನನ್ನೇ ಗೆದ್ದು ತಂದಳು. ಜಾಣ್ಮೆಯಲ್ಲಿ ಅವಳು ಅಬ್ರಹಾಮನಿಗಿಂತ ಒಂದು ಕೈ ಮೇಲು. ಆದರೆ ಅವಳು ಬೇಡಿದ್ದು ತನ್ನವರಿಗಾಗಿ. ಸೊದೋಮಿನಲ್ಲಿ ಅಬ್ರಹಾಮನ ತಮ್ಮನ ಮಗ ಲೋಟನಿದ್ದಾನೆ, ನಿಜ. ಆದರೆ ಇಷ್ಟುದ್ದದ ವಾದದಲ್ಲಿ ಒಮ್ಮೆಯೂ ಅವನ ಹೆಸರು ಬರುವುದಿಲ್ಲ. ಹೇಳದೆ ಬಿಟ್ಟ ಆ ಹೆಸರಿನಲ್ಲಿ ನಮ್ಮ ಆಲಂಕಾರಿಕರು ಧ್ವನಿಯೆನ್ನುವುದು ಇದೆ. ತನ್ನವನ ಚಿಂತೆ ಎದೆಯಲ್ಲಿದ್ದರೂ ಇಡೀ ಊರಿಗಾಗಿ ವಾದಿಸುತ್ತಾನೆ.

ಲೂಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಇದಕ್ಕಿಂತ ಮನೆಯೊಳಗಿನ ಚಿತ್ರವೊಂದಿದೆ. ನಡುರಾತ್ರಿಯಲ್ಲಿ ಒಬ್ಬನು ನೆರೆಯವನ ಕದ ಬಡಿದು ಮೂರು ರೊಟ್ಟಿ ಕಡ ಕೇಳುತ್ತಾನೆ. ಹಟಹಿಡಿದು ಬೇಡಿದರೆ ಸಿಗುತ್ತದೆ ಎಂಬುದೇ ಇದರ ಪಾಠವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಹಸಿದವನು ಕದ ಬಡಿದವನಲ್ಲ, ಅವನ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿ! ತನ್ನ ಗಡಿಗೆ ಬರಿದಾಗಿದ್ದರೂ ಇನ್ನೊಬ್ಬನ ಹಸಿವಿಗಾಗಿ ನಾಚಿಕೆ ಬಿಟ್ಟು ನಿಂತವನು ಅವನು. ಭಾಷಾಂತರಕಾರರು ಇಲ್ಲಿ ರೊಟ್ಟಿ ಎಂಬ ಮಾತನ್ನೇ ಇಟ್ಟದ್ದು ನಮ್ಮ ಭಾಗ್ಯ. ಜೋಳದ ರೊಟ್ಟಿಯ ನಾಡಿನಲ್ಲಿ ಈ ಕಥೆಗೆ ಟೀಕೆ ಬೇಡ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಲೇಬೇಕು. ಕನ್ನಡದಲ್ಲಿ ಅಚ್ಚಾದ ಆರಾಧನೆಯ ಪುಸ್ತಕಗಳಲ್ಲಿ ಈ ಪ್ರಾರ್ಥನೆಗಳು ಬಹಳ ಸಲ ಸರಕಾರಿ ಅರ್ಜಿಯಂತೆ ಓಡುತ್ತವೆ. ಅಧಿಕಾರಿಗಳಿಗಾಗಿ, ರೋಗಿಗಳಿಗಾಗಿ, ವಿಧವೆಯರಿಗಾಗಿ, ಪ್ರಯಾಣಿಕರಿಗಾಗಿ ಎಂದು ಸಾಲುಸಾಲಾಗಿ ವರ್ಗಗಳೇ ಹೊರತು ಮನುಷ್ಯರಿಲ್ಲ. ವಿಜ್ಞಾಪನೆ ಎಂಬ ಮಾತಿನಲ್ಲಿಯೇ ಕಚೇರಿಯ ಕಾಗದದ ವಾಸನೆಯಿದೆ. ಸಭೆಯೆಲ್ಲ ಒಟ್ಟಾಗಿ ಬೇಡುವಾಗ ಇಂಥ ಮಾತು ಅನಿವಾರ್ಯವೆಂದು ವಾದಿಸಬಹುದು. ಒಪ್ಪುತ್ತೇನೆ. ಆದರೆ ಅಬ್ರಹಾಮನ ಭಯವೂ ನಡುರಾತ್ರಿಯ ಕದದ ಸಪ್ಪಳವೂ ಇಲ್ಲದೆಹೋದರೆ ಉಳಿಯುವುದು ಹಾರೈಕೆ ಮಾತ್ರ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪ್ರಾರ್ಥಿಸುವವನು ದಾನಿ, ಪ್ರಾರ್ಥನೆಗೆ ಪಾತ್ರನಾದವನು ದೀನ ಎಂಬ ಭಾವನೆ ಮೆಲ್ಲನೆ ನುಸುಳಬಹುದು. ಪೌಲನ ಪತ್ರಗಳು ಇದಕ್ಕೆ ಒಳ್ಳೆಯ ಮದ್ದು. ರೋಮಾಪುರದವರಿಗೆ ಬರೆಯುತ್ತ ಅವನು ತಾನು ಅವರಿಗಾಗಿ ಬೇಡುವುದನ್ನು ಆರಂಭದಲ್ಲಿಯೇ ತಿಳಿಸುತ್ತಾನೆ. ಪತ್ರ ಮುಗಿಯುವ ಹೊತ್ತಿಗೆ, ನೀವೂ ನನಗಾಗಿ ಬೇಡಿ ಎಂದು ಕೈಯೊಡ್ಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ವಂದಿಸುತ್ತಾನೆ. ಇಲ್ಲಿ ಮೇಲಿನವರಿಲ್ಲ, ಕೆಳಗಿನವರಿಲ್ಲ.

ಬೇಡಿದ್ದರಿಂದ ಫಲವೇನು? ಸೊದೋಮಿನಲ್ಲಿ ಹತ್ತು ಮಂದಿಯೂ ಸಿಗಲಿಲ್ಲ. ಲೋಟನು ಉಳಿದನು, ಊರು ಉರಿಯಿತು. ಮರುದಿನ ಬೆಳಗಾಗುತ್ತಲೇ ಅಬ್ರಹಾಮನು ತಾನು ವಾದಿಸಿದ್ದ ಸ್ಥಳಕ್ಕೇ ಹೋಗಿ ನೋಡುತ್ತಾನೆ. ಆವಿಗೆಯಿಂದೇಳುವಂತೆ ಹೊಗೆ ಏಳುತ್ತಿದೆ. ಅವನು ಏನೆಂದನೆಂಬುದನ್ನು ಗ್ರಂಥ ಹೇಳುವುದಿಲ್ಲ. ಪ್ರಾರ್ಥನೆಯ ಮಹಿಮೆಯನ್ನು ಸಾರಲೆಂದೇ ಬರೆಯುವವನು ಈ ಬೆಳಗನ್ನು ಬಿಟ್ಟುಬಿಡುತ್ತಿದ್ದ. ಬಿಡದೆ ಇಟ್ಟದ್ದರಿಂದಲೇ ಆ ಪುಟವನ್ನು ನಾನು ನಂಬುತ್ತೇನೆ.

ನನ್ನ ಅಕ್ಕ ಉಳಿಯಲಿಲ್ಲ. ಮೂರನೆಯ ದಿನ ಆ ವೃದ್ಧೆ ಬಂದು ಕಟ್ಟೆಯ ಮೇಲೆ ಕುಳಿತರು. ದೇವರ ಚಿತ್ತವೆಂದೋ ಕರ್ಮವೆಂದೋ ಏನೋ ಒಂದು ಹೇಳುತ್ತಾರೆಂದು ಕಾದೆ. “ಭಾಳ ಕೇಳ್ಕೊಂಡ್ನಿರಿ ಮಾಸ್ತರ, ಕೊಡಲಿಲ್ಲ” ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಅಕ್ಕನ ಮಕ್ಕಳ ಹೆಸರೇನೆಂದು ಕೇಳಿದರು. ಈ ಸಲ ಮುಜುಗರವಿಲ್ಲದೆ ಹೇಳಿದೆ.