ಸೀರೆಗಿಂತ ಮೊದಲು ಫಾಲ್

ಹೆಡ್‌ಫೋನಿನಲ್ಲಿ ಸಂಗೀತ ಕೇಳಬೇಕೆಂದು ಹೋದರೆ ಅಂಗಡಿಯವರು ಆಂಪ್ಲಿಫೈಯರು ತೋರಿಸುತ್ತಾರೆ, ಆಮೇಲೆ ಬೆಳ್ಳಿ ಲೇಪದ ಕೇಬಲ್ಲು. ಸೀರೆ ಆರಿಸುವ ಮೊದಲೇ ಫಾಲ್ ಕೊಂಡಂತೆ! ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣ ನಮ್ಮದು. ಅದರ ಮುಕ್ಕಾಲು ಪಾಲು ಹೆಡ್‌ಫೋನಿಗೇ ಹೋಗಬೇಕೆಂಬುದು ನನ್ನ ವಾದ.

ಗಂಗೂಬಾಯಿ ಹಾನಗಲ್ ಅವರೊಡನೆ ಮಗಳು ಕೃಷ್ಣಾ ಹಾಡಿರುವ ಯಾವುದಾದರೂ ಧ್ವನಿಮುದ್ರಿಕೆ ಕೇಳಿ. ಕಳಪೆ ಹೆಡ್‌ಫೋನಿನಲ್ಲಿ ಕೆಳಗಿನ ಸ್ವರಗಳು ಉಬ್ಬಿ, ತಾಯಿಯ ಆ ಗಂಭೀರ ಕಂಠ ಗುಂಯ್‌ಗುಟ್ಟುತ್ತದೆ. ಮಗಳ ದನಿ, ತಂಬೂರಿ ಎರಡೂ ಅದರಡಿ ಮುಳುಗುತ್ತವೆ. ಒಳ್ಳೆಯದರಲ್ಲಿ ತಾಯಿ ಉಸಿರು ತೆಗೆದುಕೊಂಡ ಕಡೆ ಮಗಳು ಸ್ವರ ಹಿಡಿದು ನಿಲ್ಲಿಸುವುದು ಬಿಡಿಯಾಗಿ ಕೇಳುತ್ತದೆ. ಮುಳುಗಿದ ದನಿಯನ್ನು ಯಾವ ಕೇಬಲ್ಲೂ ಎತ್ತಿ ಕೊಡಲಾರದು.

ಆಂಪ್ಲಿಫೈಯರು ಬೇಡವೇ ಬೇಡವೆಂದಲ್ಲ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600ರ ರೋಧ 300 ಓಮ್. ಮೊಬೈಲಿನ ಕಸುವು ಅದಕ್ಕೆ ಸಾಲದೆ ಹೋಗಬಹುದು. 32 ಓಮಿನವುಗಳಿಗೆ ಸಾಮಾನ್ಯವಾಗಿ ಮೊಬೈಲೇ ಸಾಕು. ಮೊದಲು ಒಂದು ತಿಂಗಳು ಕೇಳಿ. ದನಿ ಸಾಲದೆನ್ನಿಸಿದರೆ ಆಗ ಆಂಪ್ಲಿಫೈಯರಿಗೆ ಹಣ ತೆಗೆಯಿರಿ.

ಅಂದಹಾಗೆ, ಎಚ್‌ಡಿ 600 ಹೊರಮೈ ತೆರೆದಿರುವ ಜಾತಿ. ರಾತ್ರಿ ಕೆಲಸ ಮುಗಿಸಿ ನೀವು ಕೇಳುವುದು ಪಕ್ಕದಲ್ಲಿ ಮಲಗಿದವರಿಗೂ ಸಣ್ಣಗೆ ಕೇಳಿಸುತ್ತದೆ. ಒಂದೇ ಕೋಣೆಯ ಮನೆಯಾದರೆ ಮುಚ್ಚಿದ್ದನ್ನೇ ಆರಿಸಿ.