ಸೆರೆಮನೆಯಲ್ಲಿ ಆಡುವ ಮಾತು

ನಮ್ಮ ಸಾಹಿತ್ಯದಲ್ಲಿ ಸೆರೆಮನೆಗೆ ಗೌರವದ ಸ್ಥಾನವೇ ಇದೆ. ಕೃಷ್ಣಕಥೆ ಮೊದಲಾಗುವುದು ಕಂಸನ ಸೆರೆಯಲ್ಲಿ. 1943ರಲ್ಲಿ ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರ ಕಥೆಯನ್ನು ನಿರಂಜನರು ‘ಚಿರಸ್ಮರಣೆ’ ಕಾದಂಬರಿಯಲ್ಲಿ ಹೇಳಿದರು. ಆದರೆ ಇಲ್ಲೆಲ್ಲ ಸೆರೆಯಾದವರು ನಿರಪರಾಧಿಗಳು, ಇಲ್ಲವೆ ವೀರರು. ಜೇಬು ಕತ್ತರಿಸಿದವನಿಗೆ, ಕುಡಿದ ಅಮಲಿನಲ್ಲಿ ದಾಯಾದಿಯ ಮೇಲೆ ಕುಡುಗೋಲೆತ್ತಿದವನಿಗೆ ನಾವು ಕೊಟ್ಟಿರುವ ಪುಟಗಳೆಷ್ಟು?

ಈ ವೀರನಲ್ಲದ ಕೈದಿಯನ್ನೇ ಅರಸಿ ಹೋಗುವ ಸೇವೆಯೊಂದು ಕಥೋಲಿಕ ಕ್ರೈಸ್ತರಲ್ಲಿದೆ. ಸೆರೆಯಲ್ಲಿರುವವರನ್ನು ಕಂಡು ಬರುವುದು ಅವರ ಸಂಪ್ರದಾಯ ಎಣಿಸುವ ಏಳು ದಯಾಕಾರ್ಯಗಳಲ್ಲಿ ಒಂದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ಅದಕ್ಕೆ ಆಧಾರ. 1981ರಲ್ಲಿ ಕೊಟ್ಟಾಯಂನ ಗುರುಮಠದ ವಿದ್ಯಾರ್ಥಿಗಳು ಮೊದಲುಮಾಡಿದ ‘ಪ್ರಿಜನ್ ಮಿನಿಸ್ಟ್ರಿ ಇಂಡಿಯಾ’ ಇಂದು ದೇಶದಲ್ಲೆಲ್ಲ ಹಬ್ಬಿದೆ. ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ. ಕೋಲಾರ ಜಿಲ್ಲೆಯೂ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ್ದು. ಆದುದರಿಂದ ಇದು ನಮಗೆ ದೂರದ ಮಾತಲ್ಲ.

ಸಾಹಿತ್ಯದ ಅಧ್ಯಾಪಕನಾದ ನನ್ನನ್ನು ಕಾಡುವುದು ಇಲ್ಲಿಯ ಭಾಷೆಯ ಪ್ರಶ್ನೆ. ಕೈದಿಯೊಡನೆ ಏನೆಂದು ಮಾತಾಡಬೇಕು? ಬೋಧಕನ ನಾಲಿಗೆಗೆ ಮೊದಲು ಬರುವ ಪದ ‘ಪಶ್ಚಾತ್ತಾಪ’. ಆದರೆ 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ಎಂದರೆ ನೂರಕ್ಕೆ ಸುಮಾರು 76 ಜನ. ಅಪರಾಧ ರುಜುವಾತಾಗದವನಿಗೆ ಪಶ್ಚಾತ್ತಾಪವನ್ನು ಬೋಧಿಸಿದರೆ ನ್ಯಾಯಾಧೀಶರಿಗಿಂತ ಮುಂಚೆ ನಾವೇ ತೀರ್ಪು ಕೊಟ್ಟಂತಾಯಿತು. ಮಾಲೂರಿನ ಹೆಂಚಿನ ಕಾರ್ಖಾನೆಯ ಕೂಲಿಯೋ ಶ್ರೀನಿವಾಸಪುರದ ಮಾವಿನ ತೋಪಿನ ಕಾವಲುಗಾರನೋ ಸೆರೆಯಾದರೆ ಅವನಿಗೆ ಮೊದಲು ಬೇಕಾದವನು ಜಾಮೀನು ನಿಲ್ಲುವವನು. ಮುಳಬಾಗಿಲಿನ ಕಡೆಯವನಾದರೆ ಅವನ ಸಂಕಟ ತೆಲುಗಿನಲ್ಲಿ ಹೊರಬೀಳಬಹುದು. ನಮ್ಮ ಗ್ರಾಂಥಿಕ ಕನ್ನಡದ ಸಮಾಧಾನ ಅವನನ್ನು ಮುಟ್ಟಲಾರದು.

ಇದಕ್ಕೆ ಉತ್ತರ ಅವರ ಗ್ರಂಥದಲ್ಲೇ ಇದೆ. ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿರುವುದು ಇಪ್ಪತ್ತೈದೇ ವಚನಗಳು. ಬರೆಯುವವನು ಸ್ವತಃ ಸೆರೆಯಲ್ಲಿದ್ದಾನೆ. ಒಡೆಯನಿಂದ ದೂರವಾದ ದಾಸ ಒನೇಸಿಮ ಅವನ ಬಳಿ ಬಂದಿದ್ದಾನೆ. ಆ ಹೆಸರಿಗೆ ‘ಉಪಯುಕ್ತ’ ಎಂದರ್ಥ. ಒಮ್ಮೆ ನಿರುಪಯೋಗಿಯಾಗಿದ್ದವನು ಈಗ ಉಪಯುಕ್ತನಾಗಿದ್ದಾನೆಂದು ಪೌಲನು ಶ್ಲೇಷೆಯಾಡುತ್ತಾನೆ. ಗಮನಿಸಬೇಕಾದದ್ದು, ಈ ಪತ್ರದಲ್ಲಿ ದಾಸನಿಗೆ ಒಂದಕ್ಷರದ ಉಪದೇಶವಿಲ್ಲ, ಮಾತೆಲ್ಲ ಒಡೆಯನಿಗೆ. ಅವನನ್ನು ಸಹೋದರನಂತೆ ಸ್ವೀಕರಿಸು, ಬಾಕಿಯೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಎಂದು ಪೌಲನು ಸ್ವಹಸ್ತದಲ್ಲಿ ಒಪ್ಪಿಕೊಡುತ್ತಾನೆ. ನನಗೊಂದು ಬಿಡಾರ ಸಿದ್ಧಮಾಡಿಡು ಎಂಬ ಕೊನೆಯ ಸೂಚನೆಯಲ್ಲಿ, ಬಂದು ನೋಡುತ್ತೇನೆಂಬ ನಯವಾದ ಒತ್ತಡವೂ ಇದೆ.

ಪತ್ರಕ್ಕೆ ಕೊರತೆಯಿಲ್ಲವೆಂದಲ್ಲ. ದಾಸ್ಯವೇ ಅಳಿಯಲೆಂದು ಪೌಲನು ಬರೆಯಲಿಲ್ಲ. 19ನೆಯ ಶತಮಾನದ ಅಮೆರಿಕದಲ್ಲಿ ದಾಸ್ಯದ ಸಮರ್ಥಕರೂ ವಿರೋಧಿಗಳೂ ಇದೇ ಪತ್ರವನ್ನು ಎತ್ತಿ ತೋರಿಸಿದರು. ಒಬ್ಬ ಮನುಷ್ಯನ ಮೇಲಿನ ಕನಿಕರ ವ್ಯವಸ್ಥೆಯ ವಿಮರ್ಶೆಗೆ ಬದಲಾಗಲಾರದು. ಸೆರೆಮನೆಯ ಸೇವೆಗೂ ಈ ಮಾತು ಸಲ್ಲುತ್ತದೆ. ಕೈದಿಯ ಮನಸ್ಸನ್ನು ತಿದ್ದುವ ಮಾತು ಒಂದಾದರೆ, ಅವನ ಪರವಾಗಿ ವಕೀಲನಿಗೆ, ಮನೆಯವರಿಗೆ, ಊರಿಗೆ ಆಡುವ ಮಾತು ಹತ್ತಾಗಬೇಕು.

ಇನ್ನೊಂದು ಎಚ್ಚರ ಅಗತ್ಯ. ಸಭೆಯಲ್ಲಿ ಭಾಷಣ ಹಿಡಿಸದಿದ್ದರೆ ನಾವು ಎದ್ದು ಹೋಗಬಹುದು. ಕೈದಿಗೆ ಆ ಅನುಕೂಲವಿಲ್ಲ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಂಡೇಲಾ ನಿಯಮಗಳು ಇದನ್ನರಿತಿವೆ: ಧರ್ಮಪ್ರತಿನಿಧಿಯ ಭೇಟಿಯನ್ನು ಯಾವ ಕೈದಿಗೂ ನಿರಾಕರಿಸಕೂಡದು, ಭೇಟಿ ಬೇಡವೆಂದರೆ ಅವನ ಇಷ್ಟವನ್ನೂ ಪೂರ್ಣವಾಗಿ ಮನ್ನಿಸಬೇಕು. ಯಾವ ಮತದ ಬೋಧಕನಿಗಾದರೂ ಈ ಎರಡನೆಯ ಮಾತೇ ನಿಜವಾದ ಪರೀಕ್ಷೆ.

ಲೇಖಕರಿಗೂ ಇದೇ ಪರೀಕ್ಷೆ. ಮಾಸ್ತಿಯವರ ಮಾಲೂರು, ಡಿ.ವಿ.ಜಿ.ಯವರ ಮುಳಬಾಗಿಲು ಇರುವ ಜಿಲ್ಲೆಯಲ್ಲಿ ಬರೆಯುವವರಿಗೆ ಬರವಿಲ್ಲ. ವೀರನೂ ಅಲ್ಲದ, ರಾಕ್ಷಸನೂ ಅಲ್ಲದ ಕೈದಿಯೊಬ್ಬನ ಕಥೆಯನ್ನು ಉಪದೇಶವಿಲ್ಲದೆ ಯಾರಾದರೂ ಬರೆದುಕೊಟ್ಟರೆ, ನನ್ನ ತರಗತಿಯಲ್ಲಿ ಅದನ್ನು ಮೊದಲು ಓದಿಸುವೆನು.